ಸಂಬಂಧ ಕಂಡುಬಂದಿಲ್ಲ

ಹರಾಜು ಕಂಪನಿಯ ವಿಶ್ವಾಸ ವಿಭಾಗದ ಒಳಗೆ ಹೋಗಬೇಕಾದರೆ ಚೀಲ ಬಿಚ್ಚಿ ತೋರಿಸಬೇಕಿತ್ತು. ಹೊರಗೆ ಬರುವಾಗ ಜೇಬನ್ನೂ. ಬಾಗಿಲಲ್ಲಿ ಕೂತ ಕಾವಲುಗಾರ ದಿನವೂ ಅವನ ಊಟದ ಡಬ್ಬಿಯ ಮುಚ್ಚಳ ತೆಗೆಸಿ ಒಳಗೆ ಇಣುಕುತ್ತಿದ್ದ, ಕಂಪನಿಯ ನಂಬಿಕೆಯನ್ನು ಯಾರಾದರೂ ಅನ್ನದ ಅಡಿಯಲ್ಲಿ ಮುಚ್ಚಿಟ್ಟು ಸಾಗಿಸಿಬಿಟ್ಟಾರು ಎಂಬಂತೆ. ಇವತ್ತು ಇಣುಕಿದವನು, "ಏನ್ ಸಾರ್, ಡಬ್ಬಿ ತುಂಬಿ ತುಳುಕ್ತಾ ಇದೆ. ಮನೇಲಿ ಏನಾದ್ರೂ ವಿಶೇಷನಾ?" ಎಂದ. ವಿಶೇಷವೇನೂ ಇರಲಿಲ್ಲ. ಡಬ್ಬಿ ಕಟ್ಟುವವರು ಅತ್ತೆ. ಅತ್ತೆಯ ಮನಸ್ಸು ಎಲ್ಲೋ ಇದ್ದಾಗ ಅವರ ಕೈ ಜಾಸ್ತಿ ಬಡಿಸುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮನಸ್ಸು ಎಲ್ಲಿಗೆ ಹೋಗಿರುತ್ತದೆ ಎಂದು ಮಾತ್ರ ಯಾರೂ ವಿಚಾರಿಸಿರಲಿಲ್ಲ. ಅವನೂ ವಿಚಾರಿಸಲಿಲ್ಲ. ಅವನ ತಲೆಯೊಳಗೆ ಸಂಜೆ ನಾಲ್ಕು ಗಂಟೆ ಬಂದು ಕೂತುಬಿಟ್ಟಿತ್ತು. ನಾಲ್ಕಕ್ಕೆ ಮಾವನ ದೊಡ್ಡ ತಕ್ಕಡಿಯ ಹರಾಜು ಮುಗಿಯುತ್ತದೆ. ಅದೊಂದು ಹೋಯಿತೆಂದರೆ ಕೋಣೆ ಖಾಲಿ. ಖಾಲಿ ಕೋಣೆಯಲ್ಲಿ ಮೇಜು ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು, ಅವನು ಏನು ಮಾಡುತ್ತಾನೆ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅವನು ಮೇಜಿನ ಅಳತೆ ಹೇಳಿದ್ದ.

ಒಂದು ಕೊರಳೂ ಕೂಗದ ಹರಾಜು ಅದು. ಹಳೆಯ ಕಾಲದಲ್ಲಾದರೆ ಚೌಕದಲ್ಲಿ ನಿಂತು, ಪಕ್ಕದವನ ಮುಖ ನೋಡಿ, ಅವನ ಹೊಟ್ಟೆ ಉರಿಸಲಿಕ್ಕಾದರೂ ಒಂದು ಕೂಗು ಹೆಚ್ಚಿಗೆ ಕೂಗುತ್ತಿದ್ದರು. ಈಗ ಎಲ್ಲರೂ ಅವರವರ ಮನೆಯಲ್ಲಿ ಕಾಲು ಚಾಚಿ ಕೂತು ಬೆರಳು ಒತ್ತುತ್ತಾರೆ, ತೆರೆಯ ಮೇಲೆ ಅಂಕಿ ಏರುತ್ತದೆ. ಯಾರು ಒತ್ತಿದರು ಎಂದು ಯಾರಿಗೂ ತಿಳಿಯಬಾರದು. ಹೆಸರು ತಿಳಿದರೆ ಹೆದರಿಸುತ್ತಾರೆ, ಹೊರಗಿಂದ ಹೊರಗೇ ವ್ಯಾಪಾರ ಕುದುರಿಸಿ ಕಂಪನಿಯ ಕಮಿಷನ್ನಿಗೆ ಕಲ್ಲು ಹಾಕುತ್ತಾರೆ. ಆದ್ದರಿಂದ ಕಂಪ್ಯೂಟರು ಪ್ರತಿಯೊಬ್ಬರಿಗೂ ಒಂದು ಬಣ್ಣ, ಒಂದು ಪ್ರಾಣಿ ಸೇರಿಸಿ ಮುಖವಾಡ ತೊಡಿಸುತ್ತಿತ್ತು. ಕೆಂಪು ಆಮೆ, ನೀಲಿ ಕತ್ತೆ, ಹಸಿರು ನರಿ. ಲಕ್ಷಾಂತರ ಬೆಲೆಯ ಗಡಿಯಾರಕ್ಕೆ ಗುಲಾಬಿ ಹಂದಿಯೂ ಕಪ್ಪು ಕುರಿಯೂ ಹಟಕ್ಕೆ ಬಿದ್ದು ಹೊಡೆದಾಡುವುದನ್ನು ಅವನು ಸಂಬಳ ತೆಗೆದುಕೊಂಡು ನೋಡುತ್ತಿದ್ದ. ಅವನ ಕೆಲಸ ಏನೆಂದರೆ, ತಮ್ಮ ಮಾಲಿಗೆ ತಾವೇ ಮುಖವಾಡ ತೊಟ್ಟು ಕೂಗಿ ಬೆಲೆ ಏರಿಸುವವರನ್ನು ಹಿಡಿಯುವುದು. ಹಿಡಿದವರಿಗೆ ಕಳಿಸುವ ಪತ್ರವನ್ನು ಬರೆದವನೂ ಅವನೇ. 'ನಂಬಿಕೆಯೆಂಬುದು ಒಡೆದ ಗಾಜು. ಅಂಟಿಸಬಹುದು, ಆದರೆ ಗೆರೆ ಉಳಿಯುತ್ತದೆ. ತಮ್ಮ ಖಾತೆಯನ್ನು ಮುಚ್ಚಲಾಗಿದೆ.' ಈ ಮೂರು ವಾಕ್ಯಗಳಿಗೆ ಕಂಪನಿ ಅವನಿಗೊಂದು ಪ್ರಶಸ್ತಿ ಫಲಕ ಕೊಟ್ಟಿತ್ತು. ಫಲಕ ಮನೆಗೆ ಬಂದ ದಿನ ಊಟದ ಹೊತ್ತಿಗೆ ಅವನು ಅದನ್ನು ಎರಡು ಸಲ ಓದಿ ಹೇಳಿದ್ದ. ಅತ್ತೆ ಕೇಳಿ, "ಗಾಜು ಒಡೆದ್ರೆ ನಾವು ಅಂಟಿಸಲ್ಲಪ್ಪ, ಗುಡಿಸಿ ಹಾಕ್ತೀವಿ" ಎಂದಿದ್ದರು.

ಮಾವ ಇದ್ದಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಊರಿನ ಅಂಗಡಿಯವರನ್ನೆಲ್ಲ ಗಡಗಡ ನಡುಗಿಸಿ ನಿವೃತ್ತರಾದ ಮನುಷ್ಯ. ಮನೆಯ ಒಂದು ಕೋಣೆಯ ತುಂಬ ತಕ್ಕಡಿ, ತೂಕದ ಕಲ್ಲು, ಅಕ್ಕಸಾಲಿಗರ ಪುಟ್ಟ ತ್ರಾಸು, ಸೇರು ಪಾವುಗಳು. ಅವುಗಳಲ್ಲಿ ಒಂದು ಸಾಲು ಕಳ್ಳ ಕಲ್ಲುಗಳದ್ದು: ತಳ ಕೊರೆದು ಹಗುರ ಮಾಡಿದವು, ಕೊರೆದ ತೂತಿಗೆ ಮೇಣ ಮೆತ್ತಿದವು. ಅಂಥವನ್ನು ನಾಶಮಾಡಬೇಕೆಂದು ಸರ್ಕಾರದ ಆಜ್ಞೆಯಿತ್ತು. ಮಾವ ಜೀವಮಾನದಲ್ಲಿ ಮಾಡಿದ ಒಂದೇ ಕಳ್ಳತನ ಎಂದರೆ ಅವನ್ನು ಮನೆಗೆ ತಂದದ್ದು. ಹೆಣ್ಣು ನೋಡಲು ಬಂದ ದಿನ ಇವನು ಒಂದು ಕಿಲೋ ಸೇಬು ತಂದಿದ್ದ. ಮಾವ 'ಬನ್ನಿ' ಎನ್ನುವ ಮೊದಲೇ ಚೀಲ ಇಸಿದುಕೊಂಡು ಕೋಣೆಗೆ ಹೋಗಿ, ಆ ದೊಡ್ಡ ಹಿತ್ತಾಳೆಯ ತಕ್ಕಡಿಗೆ ಹಾಕಿ, ಹೊರಗೆ ಬಂದು ಹೇಳಿದ್ದರು: "ಐವತ್ತು ಗ್ರಾಂ ಕಮ್ಮಿ ಇದೆ. ಅಂಗಡಿಯವನು ನಿಮ್ಮ ಮುಖ ನೋಡಿ ತೂಗಿದಾನೆ." ಅಡಿಗೆಮನೆಯಲ್ಲಿ ಯಾರೋ ನಕ್ಕರು. ಹೆಂಡತಿಯಾಗಲಿದ್ದವಳೋ ಅತ್ತೆಯಾಗಲಿದ್ದವರೋ ಎಂಬುದನ್ನು ಅವನು ಇವತ್ತಿನವರೆಗೂ ಪತ್ತೆಹಚ್ಚಿಲ್ಲ, ವೃತ್ತಿಯಲ್ಲಿ ಪತ್ತೇದಾರನಾಗಿದ್ದೂ. ಆಮೇಲೆ ಅದೇ ಮನೆಗೆ ಮನೆಅಳಿಯನಾಗಿ ಬಂದ. ಬಾಡಿಗೆ ಉಳಿಯುತ್ತದೆ ಎಂಬುದು ಕಾರಣ. ಉಳಿದದ್ದು ಬಾಡಿಗೆಯೊಂದೇ. ಪ್ರತಿ ಸಂಜೆ ಆ ತಕ್ಕಡಿಯ ಮುಂದಿನಿಂದ ಹಾದು ಮಲಗುವ ಕೋಣೆಗೆ ಹೋಗುವಾಗ ಅವನ ಹೆಜ್ಜೆ ತಾನಾಗಿಯೇ ಭಾರವಾಗುತ್ತಿತ್ತು, ತಾನೂ ಐವತ್ತು ಗ್ರಾಂ ಕಮ್ಮಿ ಎಂದು ಯಾರಿಗೂ ತಿಳಿಯದಿರಲಿ ಎಂದು.

ಮಾವ ಹೋದ ಮೇಲೆ ವರ್ಷ ಕಳೆಯುವವರೆಗೆ ಮರ್ಯಾದೆಗೆ ಸುಮ್ಮನಿದ್ದ. ನಂತರ ಒಂದು ದಿನ, "ಅತ್ತೆ, ಇವೆಲ್ಲ ಧೂಳು ಹಿಡೀತಾ ಇವೆ. ಬೆಲೆ ಗೊತ್ತಿರೋರ ಕೈಗೆ ಹೋದ್ರೆ ಮಾವನ ಆತ್ಮಕ್ಕೂ ಸಮಾಧಾನ" ಎಂದ. ಆತ್ಮದ ವಿಷಯ ಅವನು ಮೊದಲೇ ಯೋಚಿಸಿಟ್ಟುಕೊಂಡಿದ್ದ. ಕ್ಲಿನಿಕ್ಕಿನಲ್ಲಿ ದಿನವಿಡೀ ಬೇರೆಯವರ ಸೊಂಟ ನೀವಿ ಬರುವ ಹೆಂಡತಿ, "ಅಮ್ಮನ್ನ ಕೇಳಿ ಏನ್ ಬೇಕಾದ್ರೂ ಮಾಡಿ, ನನ್ನ ಮಧ್ಯಕ್ಕೆ ಎಳೀಬೇಡಿ" ಎಂದಳು. ಅತ್ತೆ, "ನಿಮ್ಮಿಷ್ಟ" ಎಂದರು. ಕನ್ನಡದಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ ಎಂಬುದು ಅವನಿಗೆ ತಿಳಿಯದ್ದೇನಲ್ಲ, ಆದರೆ ತಿಳಿಯದಂತೆ ಇರುವುದು ಅನುಕೂಲವಾಗಿತ್ತು. ಕಂಪನಿಯಲ್ಲಿ ಕೆಲಸ ಮಾಡುವವರು, ಅವರ ಮನೆಯವರು ಹರಾಜಿನಲ್ಲಿ ಮಾರುವಂತಿಲ್ಲ. ಅವನು ನಿಯಮವನ್ನು ನಾಲ್ಕು ಸಲ ಓದಿ, ಮನೆಯವರು ಎಂದರೆ ಹೆಂಡತಿ ಮಕ್ಕಳು, ಅತ್ತೆ ಎಂಬ ಪದವೇ ನಿಯಮದಲ್ಲಿಲ್ಲ ಎಂದು ತೀರ್ಮಾನಿಸಿ, ಅತ್ತೆಯ ಹೆಸರಿನಲ್ಲಿ ಮಾರಾಟದ ಖಾತೆ ತೆರೆದ. ವಿಳಾಸಕ್ಕೆ ಹಿತ್ತಿಲ ಬಾಗಿಲಿನ ನಂಬರು ಕೊಟ್ಟ.

ಮೊದಲ ವಾರ ಅಕ್ಕಸಾಲಿಗನ ತ್ರಾಸನ್ನು ಹಾಕಿದ. ವಿವರಣೆ ಬರೆಯುವುದರಲ್ಲಿ ಅವನಿಗೆ ಅವನದೇ ಒಂದು ಹೆಮ್ಮೆಯಿತ್ತು. 'ಚಿನ್ನದ ಪುಡಿಯ ನೆನಪು ಇನ್ನೂ ಈ ತಟ್ಟೆಗಂಟಿದೆ' ಎಂದು ಬರೆದ. ಎರಡು ದಿನ ಒಂದು ಹುಳವೂ ಇತ್ತ ಬರಲಿಲ್ಲ. ಮೂರನೆಯ ಮಧ್ಯಾಹ್ನ ಒಂದು ಬೂದು ಕೊಕ್ಕರೆ ಬಂದು ಕೂಗಿತು. ಹರಾಜು ಮುಗಿಯುವವರೆಗೆ ಅಲ್ಲಿಂದ ಕದಲಲಿಲ್ಲ, ತ್ರಾಸು ಅದರದಾಯಿತು. ಮುಂದಿನ ವಾರ ತೂಕದ ಕಲ್ಲುಗಳು: ಬೂದು ಕೊಕ್ಕರೆ. ಪಾವು ಸೇರುಗಳು: ಬೂದು ಕೊಕ್ಕರೆ. ಕೊನೆಗೆ ಮುರಿದ ಕಂಬದ, ಯಾವ ಗುಜರಿಯವನೂ ಮುಟ್ಟದ ಒಂದು ತಕ್ಕಡಿಗೂ ಅದೇ ಮಧ್ಯಾಹ್ನದ ಹೊತ್ತಿಗೆ ಅದೇ ಕೊಕ್ಕರೆ ಬಂದು ಒಂಟಿಕಾಲಿನಲ್ಲಿ ನಿಂತಿತು. ಬೇರೆ ಯಾರದಾದರೂ ಮಾಲಿಗೆ ಹೀಗಾಗಿದ್ದರೆ ಅವನ ಮೂಗು ಹತ್ತು ಮೈಲಿ ದೂರದಿಂದಲೇ ವಾಸನೆ ಹಿಡಿಯುತ್ತಿತ್ತು. ಆದರೆ ಹೊಗಳಿಕೆಗೆ ನೆಗಡಿ ತರಿಸುವ ಗುಣವಿದೆ. ಇದು ತನ್ನ ಬರವಣಿಗೆಗೆ ಮನಸೋತ ಯಾರೋ ದೊಡ್ಡ ಮನುಷ್ಯ, ಗೋಡೆ ತುಂಬ ಪುಸ್ತಕವಿರುವ ಮನೆಯವನು, ಬೆಳ್ಳಿ ಚೌಕಟ್ಟಿನ ಕನ್ನಡಕದವನು ಎಂದು ಅವನು ನಿಶ್ಚಯಿಸಿಬಿಟ್ಟ. ಊಟದ ಹೊತ್ತಿಗೆ ಆ ಕೊಕ್ಕರೆ ಬಹುವಚನಕ್ಕೆ ಏರಿತು.

"ನಮ್ಮ ಕೊಕ್ಕರೆಯವರು ಇವತ್ತೂ ಬಿಡ್ಲಿಲ್ಲ ಅತ್ತೆ. ಎಂಥಾ ರಸಿಕರು ಅಂತೀರಿ."

"ಎಂಥವರಿರಬಹುದು?" ಎಂದು ಅತ್ತೆ ನೀರು ಬಗ್ಗಿಸುತ್ತ ಕೇಳಿದ್ದರು.

"ದೊಡ್ಡ ಮನುಷ್ಯರು. ಓದಿಕೊಂಡವರು. ಬೆಲೆ ತಿಳಿದವರು."

"ವಯಸ್ಸಾದವರೇನೋ. ಮಧ್ಯಾಹ್ನ ಬಿಡುವಿರುತ್ತೆ ಪಾಪ."

"ಛೇ, ನಿಮಗೆ ಗೊತ್ತಾಗಲ್ಲ ಅತ್ತೆ. ಮಧ್ಯಾಹ್ನ ಕೂಗೋದು ಒಂದು ತಂತ್ರ." ಹೀಗೆ ಹೇಳಿ ಅವನು ತಂತ್ರವನ್ನು ವಿವರಿಸಿದ್ದ. ಅತ್ತೆ ಗಲ್ಲಕ್ಕೆ ಕೈಯಿಟ್ಟು ಕೇಳಿದ್ದರು. ಇಷ್ಟು ಶ್ರದ್ಧೆಯಿಂದ ತನ್ನ ಮಾತನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಅವನಿಗೆ ಅವರ ಮೇಲೆ ಮಮತೆ ಉಕ್ಕಿತು. ಪ್ರತಿ ವಾರ ಪೆಟ್ಟಿಗೆ ಕಟ್ಟುವಾಗಲೂ ಅವರೇ ಹಳೆಯ ಬಟ್ಟೆ ತಂದು ಸಹಾಯ ಮಾಡುತ್ತಿದ್ದರು. ಕೊಂಡವರ ವಿಳಾಸ ಮಾರಿದವರಿಗೆ ತಿಳಿಯದು. ಪೆಟ್ಟಿಗೆಗೆ ಕಂಪನಿ ಕೊಟ್ಟ ಒಂದು ಗುರುತಿನ ಚೀಟಿ ಅಂಟಿಸಿ ಅವರ ಉಗ್ರಾಣಕ್ಕೆ ಮುಟ್ಟಿಸಿದರೆ ಮುಗಿಯಿತು. ಕಬ್ಬಿಣದ ಕಲ್ಲು ತುಂಬಿದ ಪೆಟ್ಟಿಗೆಯನ್ನು ಬೆನ್ನು ಮುರಿಯುವಂತೆ ಹೊತ್ತು ಅವನು ಮೆಟ್ಟಿಲಿಳಿದು ಬರುವಾಗ, ಕೆಳಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಎದ್ದು ಬಂದು ಬೀದಿ ಬಾಗಿಲು ಹಿಡಿದುಕೊಳ್ಳುತ್ತಿದ್ದಳು. "ಭಾರನಾ ಸಾರ್? ನಿಧಾನ. ಪಾಪ, ಎಷ್ಟು ದೂರ ಹೋಗಬೇಕೋ ಏನೋ ಅದು" ಎನ್ನುತ್ತಿದ್ದಳು. ಒಳ್ಳೆಯ ಹೆಂಗಸು ಎಂದುಕೊಳ್ಳುತ್ತಿದ್ದ.

ಇವತ್ತು ಹನ್ನೊಂದು ಗಂಟೆಯ ಸುಮಾರಿಗೆ ವಿಭಾಗದ ಮುಖ್ಯಸ್ಥೆ ಮೇಡಂ ಅವನ ಮೇಜಿನ ಹತ್ತಿರ ಬಂದು ನಿಂತರು. ಅವನಿಗಿಂತ ಎಂಟು ಹತ್ತು ವರ್ಷ ಚಿಕ್ಕವರು. ಬೈಯುವಾಗಲೂ ನಗುತ್ತಿದ್ದುದರಿಂದ ಯಾವುದು ಬೈಗುಳ ಎಂದು ತಿಳಿಯಲು ಅವನಿಗೆ ಎರಡು ದಿನ ಹಿಡಿಯುತ್ತಿತ್ತು. "ಒಂದು ಕೇಸು ನಿಮಗೆ ಕಳಿಸಿದೀನಿ. ಒಬ್ಬರೇ ಮಾರೋರು, ಒಬ್ಬರೇ ಕೊಳ್ಳೋರು. ತಿಂಗಳುಗಟ್ಟಲೆ ನಡೀತಾ ಇದೆ. ಇಷ್ಟು ದಿನ ನಿಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲ ಅಂತ ನನಗೆ ಆಶ್ಚರ್ಯ. ಕೊಳ್ಳೋರ ಮುಖವಾಡ ತೆಗೀರಿ, ನಾನು ಅನುಮತಿ ಕೊಟ್ಟಿದೀನಿ. ಇವತ್ತು ಸಂಜೆ ಒಳಗೆ ಮುಗಿಸಿ" ಎಂದು ನಕ್ಕು ಹೋದರು. ಅವನು ಕೇಸು ತೆರೆದ. ಬೂದು ಕೊಕ್ಕರೆ. ಮಾರುವವರ ಜಾಗದಲ್ಲಿ ಸದ್ಯಕ್ಕೆ ಬರೀ ಒಂದು ನಂಬರಿತ್ತು. ಆ ನಂಬರನ್ನು ಯಾರಾದರೂ ಒತ್ತಿದರೆ ಅತ್ತೆಯ ಹೆಸರು ಬರುತ್ತದೆ, ಹೆಸರನ್ನು ಒತ್ತಿದರೆ ಹಿತ್ತಿಲ ಬಾಗಿಲು ಬರುತ್ತದೆ, ಹಿತ್ತಿಲ ಬಾಗಿಲು ತಟ್ಟಿದರೆ ಒಳಗಿನಿಂದ ಚಿಲಕ ತೆಗೆಯುವವನು ವಿಶ್ವಾಸ ವಿಭಾಗದ ಪ್ರಶಸ್ತಿ ವಿಜೇತ. ಎದ್ದು ಹೋಗಿ ನೀರು ಕುಡಿದ. ಬಂದು ಕೂತ. ಮತ್ತೆ ಎದ್ದು ಹೋಗಿ ನೀರು ಕುಡಿದ. ಎರಡನೆಯ ಸಲ ಹೋದಾಗ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ಸೇಬಿನ ಅಂಗಡಿಯವನು ನೋಡಿದ ಮುಖ ಇದೇ ಎಂದು ಅವನಿಗೆ ನೆನಪಾಯಿತು.

ಊಟದ ಹೊತ್ತಾದರೂ ಮುಖವಾಡ ತೆಗೆಯಲಿಲ್ಲ. ತುಂಬಿದ ಡಬ್ಬಿಯ ಮುಂದೆ ಕೂತು ಯಾರಿರಬಹುದು ಎಂದು ಲೆಕ್ಕ ಹಾಕಿದ. ಮೊದಲು ಅನುಮಾನ ಬಂದದ್ದು ಹೆಂಡತಿಯ ಮೇಲೆ. ಗಂಡಂದಿರಿಗೆ ಇದು ರೂಢಿ. ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಅವಳಿಗೆ ಅರ್ಧ ಗಂಟೆ ಬಿಡುವು. ಗಂಡನ ಮಾನ ಉಳಿಸಲು, ಅವನ ಬರವಣಿಗೆಗೆ ಗಿರಾಕಿ ಇದ್ದಾರೆಂದು ತೋರಿಸಲು, ಅವಳೇ ಕರುಣೆಯಿಂದ ಕೂಗುತ್ತಿದ್ದರೆ? ಆ ಕರುಣೆಯನ್ನು ನೆನೆದು ಅವನು ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ, ಅವಳಿಗೆ ತನ್ನ ಮೇಲೆ ಅಷ್ಟು ಕರುಣೆ ಇರಲಾರದು ಎಂದು ಹೊಳೆದು, ನಿರಾಳವಾಗುವ ಬದಲು ಇನ್ನೂ ಕೆಡುಕೆನಿಸಿತು. ತೆರೆಯ ಇನ್ನೊಂದು ಮೂಲೆಯಲ್ಲಿ ತಕ್ಕಡಿಯ ಹರಾಜು ನಡೆದೇ ಇತ್ತು. ಇವತ್ತು ಕೊಕ್ಕರೆಗೆ ಮೊದಲ ಬಾರಿಗೆ ಎದುರಾಳಿ ಸಿಕ್ಕಿತ್ತು, ಒಂದು ಹಳದಿ ಕರಡಿ. ಕರಡಿ ಒಂದು ಹೆಜ್ಜೆ ಇಟ್ಟರೆ ಕೊಕ್ಕರೆ ತಕ್ಷಣ ಎರಡು ಹೆಜ್ಜೆ ಇಡುತ್ತಿತ್ತು. ಅಂಕಿ ಹಿತ್ತಾಳೆಯ ಬೆಲೆಯನ್ನು ಎಂದೋ ದಾಟಿತ್ತು. ಕರಡಿ ಯಾಕೆ ಬಂತು ಎಂಬುದು ಅವನಿಗೆ ಗೊತ್ತಿತ್ತು. ವಿವರಣೆಯ ಕೊನೆಯ ಸಾಲಿಗೆ ಮನಸೋತು ಬಂದಿತ್ತು. ಒಂದು ಸಂಜೆ ಅತ್ತೆ ತಕ್ಕಡಿಯ ತಟ್ಟೆ ಒರೆಸುತ್ತ, ಅವನಿಗೆ ಹೇಳಿದರೋ ತಟ್ಟೆಗೆ ಹೇಳಿದರೋ, "ಮಗಳು ಹುಟ್ಟಿ ಮನೆಗೆ ಬಂದ ದಿನ ಇವರು ಇದರಲ್ಲೇ ಮಲಗಿಸಿ ತೂಗಿದ್ರು. ಕೆಳಗೆ ಹಾಸಿದ್ದ ನನ್ನ ಸೀರೆನ ಮೊದಲು ಬೇರೆ ತೂಗಿ, ಅದನ್ನ ಕಳೆದು, ಮಗು ಎಷ್ಟು ಅಂತ ಹೇಳಿದ್ರು. ಅಷ್ಟು ಕರಾರುವಾಕ್ಕು. ಹೇಳಿ ಆದ್ಮೇಲೆ ಸುಮ್ನೆ ಇನ್ನೊಂದ್ಸಲ ತೂಗಿದ್ರು" ಎಂದಿದ್ದರು. ಅವನು ಆ ಸಂಜೆಯೇ ಒಳಗೆ ಹೋಗಿ 'ಈ ತಟ್ಟೆಯಲ್ಲಿ ಒಮ್ಮೆ ಒಂದು ಹಸುಗೂಸು ಮಲಗಿತ್ತು' ಎಂದು ಬರೆದುಬಿಟ್ಟಿದ್ದ. ಅದು ಅವನ ಅತ್ಯುತ್ತಮ ಸಾಲು. ಕದ್ದದ್ದು ಎಂದು ಆಗ ಅನ್ನಿಸಿರಲಿಲ್ಲ.

ಮೂರೂವರೆ ದಾಟಿದ ಮೇಲೆ ಮೇಡಂ ದೂರದಿಂದಲೇ ನಕ್ಕರು. ಅವನು ಗುಂಡಿ ಒತ್ತಿದ. ಬೂದು ಕೊಕ್ಕರೆಯ ಮುಖವಾಡ ಕಳಚಿ, ಅದರ ಕೆಳಗೆ ಟೈಲರಮ್ಮನ ಹೆಸರು ಬಂತು. ಕ್ಷಣಕಾಲ ಅವನಿಗೆ ನಗು ಬಂತು: ಗುಂಡಿ ಕಾಜ ಹೊಲಿಯುವ ಹೆಂಗಸಿಗೆ ತೂಕದ ಕಲ್ಲಿನ ಹುಚ್ಚೇ? ವಿಳಾಸ ಅವನದೇ ಕಟ್ಟಡ, ಕೆಳಮನೆ. ಫೋನಿನ ನಂಬರು ನೋಡಿದ. ಅದು ಟೈಲರಮ್ಮನದಲ್ಲ. ಅಂಗಡಿಯಿಂದ ಏನಾದರೂ ತರಬೇಕಾದಾಗ ಅವನಿಗೆ ಕರೆ ಬರುವ ನಂಬರು ಅದು, ಅವನ ಫೋನಿನಲ್ಲಿ 'ಅತ್ತೆ' ಎಂದೇ ಇರುವ ನಂಬರು. ಹಣ ಸಂದಾಯವಾಗುವ ಬ್ಯಾಂಕಿನ ಖಾತೆಯೂ ಗುರುತಿನದೇ. ಪ್ರತಿ ವಾರ ಮಾರಾಟದ ಹಣ ಬಂದು ಬೀಳುತ್ತಿದ್ದ ಖಾತೆ, ಅವನೇ ತೆರೆದುಕೊಟ್ಟದ್ದು. ಹಣ ಅಲ್ಲಿಂದ ಹೋಗಿ ಅಲ್ಲಿಗೇ ಬರುತ್ತಿತ್ತು, ನಡುವೆ ಕಂಪನಿ ಎರಡೂ ಕಡೆಯಿಂದ ಕಮಿಷನ್ ನೆಕ್ಕಿಕೊಳ್ಳುತ್ತಿತ್ತು. ತನ್ನ ಗಂಡನ ಸಾಮಾನನ್ನು ತಾನೇ ದುಡ್ಡು ಕೊಟ್ಟು, ಮುಖವಾಡ ತೊಟ್ಟು, ವಾರಕ್ಕೊಂದರಂತೆ ಆ ಹೆಂಗಸು ಬಿಡಿಸಿಕೊಳ್ಳುತ್ತಿದ್ದರು. ಅವನು ಬೆನ್ನು ಮುರಿದುಕೊಂಡು ಹೊತ್ತ ಪೆಟ್ಟಿಗೆಗಳು ಊರೆಲ್ಲ ಸುತ್ತಿ, ಅವನು ಮಾರನೆಯ ದಿನ ಆಫೀಸಿಗೆ ಹೋದ ಮೇಲೆ, ಅದೇ ಬೀದಿ ಬಾಗಿಲಿಂದ ಒಳಗೆ ಬರುತ್ತಿದ್ದವು. ಭಾರನಾ ಸಾರ್. ನಿಧಾನ.

ಬೇರೆಯವನಾಗಿದ್ದರೆ ಇಲ್ಲಿ ಕಣ್ಣು ಒದ್ದೆಯಾಗುತ್ತಿತ್ತು. ಅವನಿಗೂ ಆಗುತ್ತಿತ್ತೇನೋ. ಆದರೆ ಅದಕ್ಕೆ ಮೊದಲು ಅವನಿಗೆ ಊಟದ ಮೇಜು ಕಂಡಿತು, ಗಲ್ಲಕ್ಕೆ ಕೈಯಿಟ್ಟುಕೊಂಡು ಕೂತ ಅತ್ತೆ ಕಂಡರು. 'ಎಂಥವರಿರಬಹುದು?' ತಿಂಗಳುಗಟ್ಟಲೆ ಅವರು ಅವನ ಬಾಯಿಂದ ಕೊಕ್ಕರೆಯವರ ವರ್ಣನೆ ಕೇಳಿದ್ದಾರೆ. ಬೆಳ್ಳಿ ಚೌಕಟ್ಟಿನ ಕನ್ನಡಕವನ್ನು ಕೇಳಿದ್ದಾರೆ. ಮಧ್ಯಾಹ್ನ ಕೂಗುವುದರ ತಂತ್ರವನ್ನು, ಮಧ್ಯಾಹ್ನ ಕೂಗಿ ಬಂದು ಕೂತೇ ಕೇಳಿದ್ದಾರೆ. ಆಮೇಲೆ ಕೆಳಗೆ ಹೋಗಿ ಟೈಲರಮ್ಮನಿಗೆ ಹೇಳಿದ್ದಾರೆ, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದಾರೆ. ಸೇಬು ತೂಗಿದ ದಿನ ಅಡಿಗೆಮನೆಯಲ್ಲಿ ನಕ್ಕವರು ಯಾರೆಂಬುದು ಈಗ ಬಗೆಹರಿಯಿತು. ಅವನ ಬರವಣಿಗೆಗೆ ಸೋತ ರಸಿಕ ಈ ಲೋಕದಲ್ಲಿ ಎಲ್ಲೂ ಇರಲಿಲ್ಲ, ಇದ್ದ ಒಬ್ಬನೇ ಓದುಗ ಹಳದಿ ಕರಡಿ.

ಗಡಿಯಾರ ನೋಡಿದ. ನಾಲ್ಕಕ್ಕೆ ಇನ್ನು ಹತ್ತು ನಿಮಿಷವಿತ್ತು. ಹತ್ತು ನಿಮಿಷ ಎಂದರೆ ಒಂದು ಲೋಟ ಚಹಾ. ಎದ್ದು ಹೋಗಿ ಚಹಾ ಕುಡಿದು ಬಂದಿದ್ದರೆ ಅಷ್ಟರಲ್ಲಿ ತಕ್ಕಡಿ ಕೊಕ್ಕರೆಯದಾಗುತ್ತಿತ್ತು. ನಾಲ್ಕರ ಮೇಲೆ ಖಾತೆ ಮುಚ್ಚಿದರೆ ವ್ಯಾಪಾರ ರದ್ದು, ಮಾಲು ಮಾರಿದವರ ಮನೆಯಲ್ಲೇ ಉಳಿಯುತ್ತಿತ್ತು, ನಿಯಮ ಹಾಗಿತ್ತು. ಅತ್ತೆಗೆ ತಕ್ಕಡಿಯೂ ಸಿಗುತ್ತಿತ್ತು, ಕಂಪನಿಗೆ ಕಳ್ಳಿಯೂ ಸಿಗುತ್ತಿದ್ದಳು. ಇದೆಲ್ಲ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು, ಈ ವಿಷಯದಲ್ಲಿ ಊರಿನಲ್ಲಿ ಅವನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ನಾಲ್ಕರ ಮೊದಲೇ ಮುಚ್ಚಿದರೆ ಕೊಕ್ಕರೆಯ ಕೂಗುಗಳೂ ಅವು ಏರಿಸಿದ ಬೆಲೆಯೂ ಅಳಿಸಿಹೋಗಿ, ಅಂಕಿ ಕರಡಿಯ ಮೊದಲ ಕೂಗಿಗೆ ಇಳಿದು, ತಕ್ಕಡಿ ಕರಡಿಗೆ ಪುಕ್ಕಟೆಯೆಂಬಂತೆ ಸಿಗುತ್ತದೆ ಎಂಬುದೂ ಗೊತ್ತಿತ್ತು. ಚಹಾ ಬೇಕೆನಿಸಲಿಲ್ಲ. ಅಡಿಗೆಮನೆಯ ನಗು ಕಿವಿಯಲ್ಲಿತ್ತು, ಮನಸ್ಸು ಮಾತ್ರ ಒಂದೇ ರಾಗ ಹಾಡುತ್ತಿತ್ತು: ಕರ್ತವ್ಯ, ಕರ್ತವ್ಯ. ಕಾರಣಗಳ ಸಾಲಿನಿಂದ 'ನಂಬಿಕೆದ್ರೋಹ' ಆರಿಸಿದ. 'ಮಾರಾಟಗಾರರಿಗೂ ಕೂಗುಗಾರರಿಗೂ ಇರುವ ಸಂಬಂಧ' ಎಂಬ ಕಡೆಗೆ ಬಂದಾಗ ಬೆರಳು ಸ್ವಲ್ಪ ತಡೆಯಿತು. ಸಂಬಂಧ ಉಂಟು ಎಂದು ಬರೆದರೆ ಮಾರಾಟಗಾರರನ್ನೂ ತೆರೆದು ನೋಡುತ್ತಾರೆ. ಹಿತ್ತಿಲ ಬಾಗಿಲು. ಚಿಲಕ. ಅತ್ತೆಗೂ ಅತ್ತೆಗೂ ನಡುವೆ 'ಸಂಬಂಧ ಕಂಡುಬಂದಿಲ್ಲ' ಎಂದು ಅವನು ದಾಖಲಿಸಿದ. ಗುಂಡಿ ಒತ್ತಿದ. ಗಾಜು ಒಡೆದು, ಅಂಟಿ, ಗೆರೆ ಉಳಿದು, ಪತ್ರ ಹೊರಟುಹೋಯಿತು.

ತೆರೆಯ ಮೂಲೆಯಲ್ಲಿ ಅಂಕಿ ದಡಕ್ಕನೆ ಕುಸಿಯಿತು. ಕೊಕ್ಕರೆ ನಿಂತಿದ್ದ ಜಾಗ ಬೋಳಾಯಿತು. ನಾಲ್ಕು ಗಂಟೆಯವರೆಗೂ ಅವನು ಆ ಬೋಳು ಜಾಗವನ್ನೇ ನೋಡುತ್ತ ಕೂತಿದ್ದ, ಇನ್ಯಾವುದಾದರೂ ಪ್ರಾಣಿ ಬಂದು ಕೂಗೀತು ಎಂದು. ಯಾವುದೂ ಬರಲಿಲ್ಲ. ಹಳದಿ ಕರಡಿಗೆ ಅಭಿನಂದನೆಗಳು ಎಂದು ತೆರೆ ಹೇಳಿತು. ಮೇಡಂ ಬಂದು, "ಸಂಬಂಧ ಏನೂ ಇಲ್ವಾ? ವಿಚಿತ್ರ. ಜನಕ್ಕೆ ಏನೇನು ಹುಚ್ಚಿರುತ್ತೆ ನೋಡಿ. ಒಳ್ಳೆ ಕೆಲಸ" ಎಂದರು. ಈ ಸಲ ಅವರು ನಗಲಿಲ್ಲ, ಆದ್ದರಿಂದ ಅದು ನಿಜವಾದ ಹೊಗಳಿಕೆಯೇ ಇರಬೇಕು. ಹೊರಗೆ ಬರುವಾಗ ಕಾವಲುಗಾರ ಜೇಬು ತಡವಿ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಿಟ್ಟ.

ಬೀದಿ ಬಾಗಿಲು ದಾಟಿದವನು ಮೆಟ್ಟಿಲು ಹತ್ತಬೇಕಿತ್ತು, ಹತ್ತಲಿಲ್ಲ. ಟೈಲರಮ್ಮನ ಬಾಗಿಲು ಅರ್ಧ ತೆರೆದಿತ್ತು. ಇಷ್ಟು ವರ್ಷ ಆ ಬಾಗಿಲ ಮುಂದೆ ಹಾದಿದ್ದರೂ ಒಳಗೆ ಇಣುಕಿರಲಿಲ್ಲ. ಹೊಲಿಗೆ ಯಂತ್ರ, ನೆಲದ ಮೇಲೆ ಚೂರು ಬಟ್ಟೆ, ಗೋಡೆಗೆ ತೂಗುಹಾಕಿದ ಯಾರದೋ ತೋಳಿಲ್ಲದ ಕೋಟು. ಅದರ ಹಿಂದೆ, ಥಾನು ಬಟ್ಟೆ ಇಡುವ ಕಪಾಟಿನ ಮೂರು ಅಂತಸ್ತು ಖಾಲಿ ಮಾಡಿ, ಮಾವನ ಕೋಣೆಯಲ್ಲಿ ಯಾವುದು ಎಲ್ಲಿತ್ತೋ ಅಲ್ಲೇ, ಅದೇ ಸಾಲಿನಲ್ಲಿ ಜೋಡಿಸಿದ್ದರು. ಮೇಲೆ ತ್ರಾಸುಗಳು. ನಡುವೆ ಸೇರು ಪಾವು. ಕೆಳಗೆ ಕಲ್ಲುಗಳು, ಎಡಕ್ಕೆ ಸಾಚಾ, ಬಲಕ್ಕೆ ಕಳ್ಳ. ಒಂದರ ಮೇಲೂ ಧೂಳಿರಲಿಲ್ಲ. ಕಪಾಟಿನ ಮುಂದೆ ನೆಲದ ಮೇಲೆ, ಚೂರುಗಳನ್ನು ಗುಡಿಸಿ, ಒಂದು ದೊಡ್ಡ ಚೌಕ ಜಾಗವನ್ನು ಖಾಲಿ ಬಿಟ್ಟಿದ್ದರು. ಅಲ್ಲಿಗೆ ಏನು ಬರಬೇಕಿತ್ತು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಟೈಲರಮ್ಮ ತಲೆಯೆತ್ತಿ ನೋಡಿದಳು. ಅವಳ ಮುಂದೆ ಫೋನಿತ್ತು, ಅದರಲ್ಲಿ ಅತ್ತೆ ಕಳಿಸಿದ್ದ ಒಡೆದ ಗಾಜಿನ ಪತ್ರ ತೆರೆದಿತ್ತು. ಎದ್ದು ಬಂದು ಬಾಗಿಲು ಹಿಡಿದುಕೊಳ್ಳಲಿಲ್ಲ. ಯಂತ್ರದ ಚಕ್ರಕ್ಕೆ ಕೈಯಿಟ್ಟು ಹೊಲಿಗೆ ಶುರುಮಾಡಿದಳು. ಇದ್ದಕ್ಕಿದ್ದಂತೆ ಅವನಿಗೆ ಬಹಳ ನಾಚಿಕೆಯಾಯಿತು.

ಮೇಲೆ ಅತ್ತೆ ತಕ್ಕಡಿಯ ಕೋಣೆಯಲ್ಲಿದ್ದರು. ದೀಪ ಹಾಕಿರಲಿಲ್ಲ, ಕಿಟಕಿಯ ಬೆಳಕು ಸಾಕಷ್ಟಿತ್ತು. ತಟ್ಟೆಗಳನ್ನು ಬಿಚ್ಚಿ ಒರೆಸಿ ಒಂದರೊಳಗೊಂದು ಇಟ್ಟಿದ್ದರು. ಪೆಟ್ಟಿಗೆ, ಟೇಪು, ಹಗ್ಗ, ಕಂಪನಿಯ ಗುರುತಿನ ಚೀಟಿ ಎಲ್ಲವೂ ಸಿದ್ಧವಾಗಿತ್ತು. ಅವನು ಹೊಸ್ತಿಲಲ್ಲಿ ನಿಂತು, ಸುಳ್ಳು ಹೇಳುವುದೋ ನಿಜ ಹೇಳುವುದೋ ತೀರ್ಮಾನವಾಗದೆ, "ಅತ್ತೆ, ತಕ್ಕಡಿ ಹೋಯ್ತು" ಎಂದ.

"ಗೊತ್ತಾಯ್ತು. ನಿಮ್ಮ ಕೊಕ್ಕರೆಯವರು ಇವತ್ತು ಕೊನೇಲಿ ಕಾಣಿಸ್ಲಿಲ್ಲ ಅಲ್ವಾ?"

"ಇಲ್ಲ" ಎಂದ.

"ಪಾಪ. ಏನಾಯ್ತೋ."

ಅವನು ಕೆಳಗೆ ಕೂತು ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡ. ತಟ್ಟೆಯನ್ನೆತ್ತಿದ. ಅದು ಅವನಂದುಕೊಂಡದ್ದಕ್ಕಿಂತ ಹಗುರವಾಗಿತ್ತು, ಒಂದು ಮಗುವಿಗೆ ಸಾಕಾಗುವಷ್ಟೇ ಅಗಲವಿತ್ತು. ಎಂದಿನಂತೆ ಎರಡು ಸುತ್ತು ಟೇಪು ಸುತ್ತಿ ಮುಗಿಸಲು ಹೊರಟಾಗ ಅತ್ತೆ ಒಳಗೆ ಹೋದರು. ಬಂದಾಗ ಅವರ ಕೈಯಲ್ಲಿ ಹಳೆಯ ಬಟ್ಟೆಯ ಬದಲು ತಮ್ಮದೇ ಒಂದು ಮೆತ್ತನೆಯ ಸೀರೆಯಿತ್ತು. ಅದನ್ನು ತಟ್ಟೆಗಳಿಗೆ ಸುತ್ತಿದರು, ಅಂಚನ್ನು ಒಳಗೆ ಮಡಚಿ ಸಿಕ್ಕಿಸಿದರು, ಕಡೆಗೆ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟರು.

"ಇಷ್ಟು ದಿನ ಸಡಿಲ ಕಟ್ಟಿದ್ರೂ ನಡೀತಿತ್ತು" ಎಂದರು. "ಇದನ್ನ ಗಟ್ಟಿಯಾಗಿ ಕಟ್ಟಿ. ಇದು ದೂರ ಹೋಗುತ್ತೆ."